ಹಳೇ ರಾಫ್ಟ್, ಭಾಗ 3: ಗುಳ್ಳೆ ಏಳದ ಲೀಕು

ಕೊಳ್ಳಲೆಂದು ನೋಡಿದ ಗಣೇಶಗುಡಿ ಕಡೆಯ 14 ಅಡಿ ರಾಫ್ಟು, ಅಂದರೆ ಗಾಳಿ ತುಂಬುವ ದೋಣಿ, ವಾಪಸ್ ಹೋಯಿತು. ಮೇಲ್ನೋಟಕ್ಕೆ ಗಟ್ಟಿ ಮಾಲೇ. ವಾಲ್ವ್ ಬಿಚ್ಚಿ ಟಾರ್ಚ್ ಬಿಟ್ಟರೆ ಒಳಮೈ ಮಂಕು ರಬ್ಬರು, ಪಿವಿಸಿಯ ಹೊಳಪಿಲ್ಲ, ಅಂದರೆ ಹೈಪಲಾನ್ ಎಂಬ ಕೃತಕ ರಬ್ಬರ್ ಬಳಿದ ಬಟ್ಟೆ. ತಳ ಸವೆದು ಬಟ್ಟೆಯ ಎಳೆ ಎದ್ದಿರಲಿಲ್ಲ. ಹಗ್ಗ ಕಟ್ಟುವ ಡಿ-ರಿಂಗ್ ಪ್ಯಾಚಿನ ಅಂಚಿಗೆ ಉಗುರು ಹಾಕಿದರೂ ಏಳಲಿಲ್ಲ. ಸೋಪುನೀರು ಬಳಿದರೆ ಎಲ್ಲೂ ಗುಳ್ಳೆ ಇಲ್ಲ.

ಸಂಜೆ 30 ಡಿಗ್ರಿಯಲ್ಲಿ ಟ್ಯೂಬಿನ ನಾಲ್ಕೂ ಚೇಂಬರಿಗೆ (ಗಾಳಿಯ ಕೋಣೆ) 2.5 ಪಿಎಸ್ಐ ಒತ್ತಡ. ಬೆಳಿಗ್ಗೆ 20 ಡಿಗ್ರಿ, ನಾಲ್ಕರಲ್ಲೂ 2ರ ಆಸುಪಾಸು. ಇದು ಲೀಕಲ್ಲ, ಚಳಿ. 10 ಡಿಗ್ರಿ ಇಳಿದರೆ ಅರ್ಧ ಪಿಎಸ್ಐ ಹೋಗುವುದು ಲೆಕ್ಕಕ್ಕೆ ಸರಿಯೇ. ಮಾರುವವರು 'ರಾತ್ರಿಯಿಡೀ ನಿಂತಿದೆ ನೋಡಿ' ಅನ್ನುವುದೂ ಸುಳ್ಳಲ್ಲ. ಮೋಸ ಇರುವುದು ಪರೀಕ್ಷೆಯಲ್ಲೇ. ಚೇಂಬರುಗಳ ನಡುವಿನ ಅಡ್ಡಗೋಡೆ, ಅಂದರೆ ಬ್ಯಾಫಲ್, ತೂತಾಗಿದ್ದರೂ ಎರಡೂ ಬದಿ ಒತ್ತಡ ಸಮವಿದ್ದರೆ ಗಾಳಿ ಯಾಕೆ ಹರಿದೀತು?

ಹಾಗಾಗಿ ಒಂದನ್ನು ಖಾಲಿ ಮಾಡಲೇಬೇಕು. ಮೊದಲು ಎಲ್ಲವನ್ನೂ 1.5ಕ್ಕೆ ಇಳಿಸಿಕೊಳ್ಳಿ, ಹಳೇ ಬ್ಯಾಫಲಿಗೆ ಅಷ್ಟೇ ಸಾಕು. ಆಮೇಲೆ 2ನೇ ಚೇಂಬರಿನ ವಾಲ್ವ್ ತೆರೆದು ಬಿಡಿ. ಅಕ್ಕಪಕ್ಕದ ಬ್ಯಾಫಲುಗಳು ಖಾಲಿ ಕಡೆಗೆ ಉಬ್ಬುತ್ತವೆ, ಪಕ್ಕದ ಚೇಂಬರುಗಳಲ್ಲಿ ಗೇಜಿನ ಮುಳ್ಳು ತುಸು ಇಳಿಯುತ್ತದೆ. ಗಾಬರಿ ಬೇಡ, 10 ನಿಮಿಷ ಕಾಯಿರಿ. ಈಗ ತೆರೆದ ವಾಲ್ವಿನ ಬಾಯಿಗೆ ಸೋಪಿನ ಪೊರೆ ಎಳೆಯಿರಿ. ಬ್ಯಾಫಲ್ ಚೆನ್ನಾಗಿದ್ದರೆ ಪೊರೆ ಸುಮ್ಮನೆ ನಿಲ್ಲುತ್ತದೆ. ಇಲ್ಲಿ ಅದು ಉಬ್ಬಿತು, ಒಡೆಯಿತು. ಮತ್ತೆ ಎಳೆದರೆ ಮತ್ತೆ ಉಬ್ಬಿತು, ಮಲಗಿದ ದನ ಉಸಿರಾಡಿದ ಹಾಗೆ. ಯಾವ ಬದಿಯದೆಂದು ತಿಳಿಯಲು 1ನೇ ಚೇಂಬರನ್ನೂ ಬಿಟ್ಟಾಯಿತು. ಆದರೂ ಉಬ್ಬುತ್ತಲೇ ಇತ್ತು. ಕಳ್ಳ 2 ಮತ್ತು 3ರ ನಡುವೆ.

ಸಾಮಾನ್ಯ ಕಾರಣ ಸೋಮಾರಿತನ. ಒಂದೊಂದಕ್ಕೂ ಅರ್ಧರ್ಧ ತುಂಬಿಸುತ್ತಾ ಸುತ್ತು ಬರುವ ಬದಲು ಒಂದನ್ನೇ ಕಲ್ಲಿನಂತೆ ಉಬ್ಬಿಸಿ, ಪಕ್ಕದ್ದನ್ನು ಖಾಲಿ ಬಿಡುತ್ತಾರೆ. ಸೀಸನ್ನಿನ ದಿನವೂ ಹಾಗೆ ಮಾಡಿದರೆ ಬ್ಯಾಫಲಿನ ಅಂಟು ಸೀಳುತ್ತದೆ. ಸೂಜಿತೂತಾದರೆ ವಾಲ್ವಿನಿಂದ ಸೀಲಂಟ್ ಸುರಿದು ದೋಣಿ ಹೊರಳಿಸಿ ನೋಡಬಹುದು. ಅಂಟೇ ಬಿಟ್ಟಿದ್ದರೆ ಟ್ಯೂಬ್ ಸೀಳಿ ಒಳಗೆ ಅಂಟಿಸಬೇಕು, ಆಮೇಲೆ ಸೀಳಿದ್ದಕ್ಕೂ ಪ್ಯಾಚು. ಹಳೇ ರಾಫ್ಟಿಗೆ ಅಷ್ಟು ಸೇವೆ ದಂಡ. ಹಾಗೇ ಇಳಿಸಿದರೆ ಬಂಡೆಗೆ ಒಂದು ಚೇಂಬರ್ ಹರಿದಾಗ ಎರಡರ ಗಾಳಿಯೂ ಇಳಿಯುತ್ತದೆ, ಅಂದರೆ ಅರ್ಧ ದೋಣಿ.

ಅಂಟಿನ ಗೋಳು ಬೇರೆ. ಪಂಚರ್ ಅಂಗಡಿಯ ಸಲ್ಯೂಷನ್ ಹೈಪಲಾನಿಗೆ ನಡೆಯದು, ಅಂಟಿಗೆ ಹಾರ್ಡನರ್ ಬೆರೆಸುವ ಎರಡು ಭಾಗದ್ದೇ ಬೇಕು. ತರಿಸಿದ ಹಾರ್ಡನರ್ ಬಾಟಲಿಯ ಮೇಲೆ ತಾರೀಖಿಲ್ಲ, ಒಳಗೆ ಅಂಬಲಿ. ಗಾಳಿಯ ತೇವ ತಾಗಿದರೆ ಹಾಗೇ ಆಗುತ್ತದೆ. ಫೋನಾಯಿಸಿದರೆ 'ಅಲ್ಲಾಡಿಸಿ ಸಾರ್' ಎಂಬ ಉತ್ತರ!

ಇನ್ನು ಗೇಜು. 0-15 ಪಿಎಸ್ಐ ಗೇಜಿನಲ್ಲಿ 2ರಿಂದ 2.5ಕ್ಕೆ ಮುಳ್ಳು ಕೂದಲೆಳೆಯಷ್ಟೇ ಅಲ್ಲಾಡುತ್ತದೆ. ಮುಂದಿನ ರಾಫ್ಟು ನೋಡುವ ಮೊದಲು ಮೇಸ್ತ್ರಿಗಳ ಲೆವೆಲ್ ಪೈಪಿನದೇ ಗೇಜು: 7 ಅಡಿ ಹಲಗೆಗೆ ಯು ಆಕಾರದಲ್ಲಿ ಪೈಪು, ಅರ್ಧ ಎತ್ತರಕ್ಕೆ ನೀರು, ಎರಡು ಹನಿ ಇಂಕು, ಒಂದು ತುದಿ ವಾಲ್ವಿಗೆ. 1 ಪಿಎಸ್ಐಗೆ ಎರಡು ಮಟ್ಟಗಳ ನಡುವೆ ಸುಮಾರು 70 ಸೆಂ.ಮೀ. ಅಂತರ, 2.5ಕ್ಕೆ 176. ಹಲಗೆ ಸಿಕ್ಕಿದೆ, ವಾಲ್ವಿಗೆ ಹೊಂದುವ ಅಡಾಪ್ಟರ್ ಇನ್ನೂ ಸಿಕ್ಕಿಲ್ಲ.