99 ಮನೆಗಳಲ್ಲೇ ನಿಲ್ಲುವ ಕಟ್ಟಡಗಳು

ನ್ಯೂಯಾರ್ಕ್ ನಗರದಲ್ಲಿ ಈಚೆಗೆ ಸಲ್ಲಿಕೆಯಾಗುತ್ತಿರುವ ಕಟ್ಟಡ ನಕ್ಷೆಗಳಲ್ಲಿ ಸರಿಯಾಗಿ 99 ಬಾಡಿಗೆ ಮನೆಗಳ ಯೋಜನೆಗಳು ಮೇಲಿಂದ ಮೇಲೆ ಕಾಣಿಸುತ್ತಿವೆ. ಇದಕ್ಕೆ ಕಾರಣ, 2024ರ ಏಪ್ರಿಲ್‌ನಲ್ಲಿ ರಾಜ್ಯ ಶಾಸನಸಭೆ ಒಪ್ಪಿದ 485-ಎಕ್ಸ್ ಎಂಬ ಆಸ್ತಿ ತೆರಿಗೆ ವಿನಾಯಿತಿ. ಅದನ್ನು ಪಡೆಯಬೇಕಾದರೆ 100 ಅಥವಾ ಅದಕ್ಕಿಂತ ಹೆಚ್ಚು ಮನೆ ಕಟ್ಟುವವರು ಕಟ್ಟಡ ಕಾರ್ಮಿಕರಿಗೆ ಗಂಟೆಗೆ ಕನಿಷ್ಠ 40 ಡಾಲರ್ ಕೂಲಿ ಕೊಡಬೇಕು. ಒಂದು ಮನೆ ಕಡಿಮೆಯಾದರೂ ಆ ಷರತ್ತು ಅನ್ವಯಿಸುವುದಿಲ್ಲ. ಹೆಚ್ಚು ಮನೆ ಕಟ್ಟಿಸಲೆಂದು ತಂದ ಕಾನೂನು ಹೀಗೆ ಕೆಲವೆಡೆ ಕಡಿಮೆ ಮನೆ ಕಟ್ಟಿಸುತ್ತಿದೆ.

ಇದರ ಪೂರ್ವಜ 421-ಎ ಜಾರಿಗೆ ಬಂದದ್ದು 1971ರಲ್ಲಿ, ಜನ ನಗರ ತೊರೆದು ಉಪನಗರಗಳಿಗೆ ಹೋಗುತ್ತಿದ್ದ ಕಾಲದಲ್ಲಿ. ಹೊಸ ಕಟ್ಟಡದಿಂದ ಏರಿದ ಮೌಲ್ಯಕ್ಕೆ ನಿಗದಿತ ವರ್ಷಗಳವರೆಗೆ ತೆರಿಗೆ ಹಾಕದೆ, ಹಳೆಯ ಮೌಲ್ಯಕ್ಕಷ್ಟೇ ಹಾಕುವುದು ಅದರ ಕ್ರಮ. ಬಡವರ ಮನೆಗಳ ಷರತ್ತು ಆರಂಭದಲ್ಲಿ ಇರಲೇ ಇಲ್ಲ. ಹಾಗಾಗಿ ಫಿಫ್ತ್ ಅವೆನ್ಯೂದ ಟ್ರಂಪ್ ಟವರ್‌ಗೆ ವಿನಾಯಿತಿ ಕೊಡಲು ನಗರಾಡಳಿತ ನಿರಾಕರಿಸಿದಾಗ ಟ್ರಂಪ್ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಮುಂದೆ ಷರತ್ತುಗಳು ಬಂದವು, ನುಸುಳುದಾರಿಗಳೂ ಬಂದವು. ಒಂದೇ ಫ್ಲ್ಯಾಟ್ 10 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾದ ಒನ್57 ಗೋಪುರಕ್ಕೂ ಇದೇ ವಿನಾಯಿತಿ ದಕ್ಕಿತು. ಅದಕ್ಕಾಗಿ ನಗರ ಬಿಟ್ಟುಕೊಟ್ಟ ತೆರಿಗೆ ಸುಮಾರು 6.56 ಕೋಟಿ ಡಾಲರ್, ಪ್ರತಿಯಾಗಿ ನಗರದ ಬ್ರಾಂಕ್ಸ್ ಭಾಗದಲ್ಲಿ ಸಿಕ್ಕ ಕೈಗೆಟಕುವ ಮನೆಗಳು 66 ಎಂದು ನಗರದ ಸ್ವತಂತ್ರ ಬಜೆಟ್ ಕಚೇರಿ ಲೆಕ್ಕ ಹಾಕಿತ್ತು.

ಇಷ್ಟು ಓದಿದವರಿಗೆ ವಿನಾಯಿತಿಯನ್ನೇ ರದ್ದು ಮಾಡಬೇಕೆನಿಸುವುದು ಸಹಜ. ಆದರೆ ವಿನಾಯಿತಿ ಇಲ್ಲದಿದ್ದರೆ ಬಾಡಿಗೆ ಕಟ್ಟಡದ ಲೆಕ್ಕ ಕೂಡಿಬರುವುದಿಲ್ಲವೆಂದು ಬಿಲ್ಡರ್‌ಗಳು ಹೇಳುವ ಮಾತು ಪೂರ್ತಿ ನೆಪವಲ್ಲ. 1981ರ ಕಾನೂನು ಆಸ್ತಿಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಒಂದರಿಂದ ಮೂರು ಕುಟುಂಬಗಳ ಸಣ್ಣ ಮನೆಗಳಿಗೆ ತೆರಿಗೆ ಬೀಳುವುದು ಮಾರುಕಟ್ಟೆ ಮೌಲ್ಯದ ಶೇ 6ರಷ್ಟು ಭಾಗಕ್ಕೆ ಮಾತ್ರ. ದೊಡ್ಡ ಬಾಡಿಗೆ ಕಟ್ಟಡಗಳಿಗೆ ಶೇ 45ರಷ್ಟು ಭಾಗಕ್ಕೆ. ತೆರಿಗೆಯ ದರ ಸಣ್ಣ ಮನೆಗಳಿಗೇ ಹೆಚ್ಚಿದ್ದರೂ, ಕೊನೆಗೆ ನೂರು ಡಾಲರ್ ಮೌಲ್ಯಕ್ಕೆ ಸಣ್ಣ ಮನೆಯವರು ಕಟ್ಟುವುದು ಹೆಚ್ಚೆಂದರೆ ಸುಮಾರು 1.20 ಡಾಲರ್, ಬಾಡಿಗೆ ಕಟ್ಟಡ ಕಟ್ಟುವುದು ಸುಮಾರು 5.60 ಡಾಲರ್. ಆ ಹೊರೆ ಬಾಡಿಗೆಯಲ್ಲಿ ಸೇರಿ ಹೋಗುವುದರಿಂದ ಬಾಡಿಗೆದಾರನಿಗೆ ಅದು ಕಾಣುವುದೇ ಇಲ್ಲ. (ಬೆಂಗಳೂರಿನವರು ನಗಬೇಕಾಗಿಲ್ಲ: 2008ರಲ್ಲಿ ಪಾಲಿಕೆ ಆಸ್ತಿ ತೆರಿಗೆ ಲೆಕ್ಕಕ್ಕೆ ತಂದ ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿಯಲ್ಲೂ ಬಾಡಿಗೆಗೆ ಕೊಟ್ಟ ಮನೆಯ ದರ ಸ್ವಂತ ವಾಸದ ಮನೆಯ ಎರಡರಷ್ಟಿತ್ತು.)

ಹೀಗಿರುವಾಗ ಮೊದಲು ಭಾರ ಹೇರಿ, ಆಮೇಲೆ ಷರತ್ತಿಟ್ಟು ಇಳಿಸುವುದನ್ನು ಪ್ರೋತ್ಸಾಹವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಬಾಡಿಗೆ ಕಟ್ಟಡದ ತೆರಿಗೆಯನ್ನೇ ಇಳಿಸುವುದು ನೇರವಾದ ದಾರಿ. ಆದರೆ ಹಾಗೆ ಮಾಡಿದರೆ ಕೊರತೆ ತುಂಬಲು ಸ್ವಂತ ಮನೆಯವರ ತೆರಿಗೆ ಏರಿಸಬೇಕು, ಅವರು ತಪ್ಪದೆ ಮತ ಹಾಕುವವರು. ವಿನಾಯಿತಿಗಾದರೋ ಅವಧಿಯಿರುತ್ತದೆ. 421-ಎ 2016ರಲ್ಲಿ ಮುಗಿಯಿತು, 2017ರಲ್ಲಿ ಮರಳಿತು, 2022ರ ಜೂನ್‌ನಲ್ಲಿ ಮತ್ತೆ ಮುಗಿಯಿತು. ಪ್ರತಿ ಸಲವೂ ಬಿಲ್ಡರ್‌ಗಳು, ಕಾರ್ಮಿಕ ಸಂಘಗಳು ಮತ್ತು ಶಾಸಕರು ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಚೌಕಾಸಿಗೆ ಕುಳಿತರು. ಗಂಟೆಗೆ 40 ಡಾಲರ್ ಎಂಬ ಷರತ್ತು ಹುಟ್ಟಿದ್ದೂ ಅಂಥದೇ ಚೌಕಾಸಿಯಲ್ಲಿ.