ಅಲಾಸ್ಕ ಹಡಗಿಗೆ ಮೈಸೂರು ಸಿಲ್ಕ್, ಉಣ್ಣೆಯ ಒಳಅಂಗಿ ಮತ್ತು ಒಂದು ಚೊಂಬು

ಅಮೆರಿಕದಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಅಲ್ಲಿರುವುದು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಅಲಾಸ್ಕ ಕ್ರೂಸ್‌ಗಳ ಹಂಗಾಮೂ ಹೆಚ್ಚುಕಡಿಮೆ ಅದೇ. ಸಿಯಾಟಲ್‌ನಲ್ಲೋ ವ್ಯಾಂಕೂವರ್‌ನಲ್ಲೋ ಹತ್ತಿ ಏಳು ರಾತ್ರಿ ಕಳೆದು ಬರುವ ಪ್ರವಾಸವನ್ನು ಮಕ್ಕಳು ಬುಕ್ ಮಾಡಿಬಿಡುತ್ತಾರೆ. ಆಮೇಲೆ ಎರಡು ತಪ್ಪು ಕಲ್ಪನೆಗಳು ಪೆಟ್ಟಿಗೆ ತುಂಬುತ್ತವೆ. ಹಡಗು ಅಂದರೆ ಕೂತು ತಿನ್ನುವುದು, ಆದ್ದರಿಂದ ಚಪ್ಪಲಿ ಸಾಕು ಎಂಬುದು ಒಂದು. ಅಲಾಸ್ಕ ಅಂದರೆ ಚಳಿ, ಆದ್ದರಿಂದ ಸ್ವೆಟರ್ ಮೇಲೆ ಸ್ವೆಟರ್, ಅದರ ಮೇಲೊಂದು ಮಂಕಿ ಕ್ಯಾಪ್ ಎಂಬುದು ಇನ್ನೊಂದು. ಅರವತ್ತೈದು ಎಪ್ಪತ್ತರಲ್ಲೂ ದಿನಕ್ಕೆ ಐದಾರು ಸಾವಿರ ಹೆಜ್ಜೆ ನಡೆಯುವ, ಕನ್ನಡಿ ನೋಡಿಕೊಂಡೇ ಹೊರಬೀಳುವ ಜನಕ್ಕೆ ಈ ಎರಡೂ ಒಗ್ಗುವುದಿಲ್ಲ.

ಬಟ್ಟೆಗಿಂತ ಮೊದಲು ಕಾಗದ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಹಡಗು ಅಮೆರಿಕದೊಳಗೇ ಸುತ್ತುತ್ತದೆ ಅಂದುಕೊಂಡರೆ ಕೆಟ್ಟಿರಿ. ಈ ದೊಡ್ಡ ಹಡಗುಗಳು ನೋಂದಣಿಯಾಗಿರುವುದು ಬಹಾಮಾಸ್, ಪನಾಮಾ, ಬರ್ಮುಡಾಗಳಂಥ ಹೊರದೇಶಗಳಲ್ಲಿ. ಅಂಥ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಅಮೆರಿಕದಲ್ಲೇ ಇಳಿಸುವುದಾದರೆ ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. 1886ರ ಕಾನೂನು ಅದು. ಹಾಗಾಗಿ ಸಾಮಾನ್ಯವಾಗಿ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಾಲ್ಕೈದು ಗಂಟೆ ನಿಲ್ಲುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇದಕ್ಕೆ ಕೆನಡಾ ವೀಸಾ ಬೇಕು. ‘ನಾವು ಇಳಿಯುವುದೇ ಇಲ್ಲ, ಕ್ಯಾಬಿನ್ನಿನಲ್ಲೇ ಕೂರುತ್ತೇವೆ’ ಎಂಬ ವಾದ ಹತ್ತುವ ಕೌಂಟರಿನಲ್ಲಿ ನಡೆಯುವುದಿಲ್ಲ. ವೀಸಾ ಶುಲ್ಕ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಪಾಸ್‌ಪೋರ್ಟ್ ಅಂಚೆಯಲ್ಲಿ ಓಡಾಡುವ ತಲೆನೋವು ಬೇಡವೆಂದರೆ ಊರಲ್ಲಿರುವಾಗಲೇ ಮಾಡಿಸಿಕೊಳ್ಳಿ. ಅಮೆರಿಕದ ವೀಸಾ ಬಹುಪ್ರವೇಶದ್ದೇ, ಅವಧಿ ಇನ್ನೂ ಇದೆಯೇ ಅನ್ನುವುದನ್ನೂ ಅದೇ ದಿನ ನೋಡಿ.

ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ದ್ವೀಪಗಳ ಮರೆಯ ಒಳದಾರಿಯಲ್ಲಿ ಸಾಗುತ್ತವೆ. ಸಿಯಾಟಲ್‌ನವು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ಎರಡನೇ ದಿನ ಹೊಟ್ಟೆ ತೊಳಸುವವರು ಇವರೇ. ಘಾಟಿ ರಸ್ತೆಯ ಬಸ್ಸಿನಲ್ಲಿ ಕಿಟಕಿ ಹಿಡಿಯುವ ಜಾತಿ ನಿಮ್ಮದಾದರೆ ಹಡಗಿನ ನಡುಭಾಗದ, ಕೆಳ ಡೆಕ್ಕಿನ ಕ್ಯಾಬಿನ್ ಕೇಳಿ. ಏತದ ಮರದ ತುದಿ ಏರಿಳಿದರೂ ನಡು ಹೆಚ್ಚು ಅಲುಗದಲ್ಲ, ಇದೂ ಹಾಗೆಯೇ. ವಾಂತಿ ತಡೆವ ಮಾತ್ರೆಗಳ ವಿಷಯದಲ್ಲಿ ಮಾತ್ರ ವಯಸ್ಸಾದವರು ಎಚ್ಚರವಾಗಿರಬೇಕು. ನಮ್ಮಲ್ಲಿ ಬಸ್ಸಿಗೆ ಮುಂಚೆ ನುಂಗುವ ಅವೋಮಿನ್ ಆಗಲಿ, ಅಲ್ಲಿ ಸಿಗುವ ಮೆಕ್ಲಿಜಿನ್ ಆಗಲಿ, ಕಿವಿಯ ಹಿಂದೆ ಅಂಟಿಸುವ ಪ್ಯಾಚ್ ಆಗಲಿ ಮಂಪರು ತರುತ್ತವೆ, ಬಾಯಿ ಒಣಗಿಸುತ್ತವೆ. ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ಕಟ್ಟಬಹುದು, ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಕಣ್ಣಿಗೇ ಅಪಾಯ. ತೂಗುವ ನೆಲದ ಮೇಲೆ ಮಂಪರು ಹಿಡಿದ ಕಾಲು ಅಂದರೆ ಬೀಳುವುದಕ್ಕೆ ಆಹ್ವಾನ. ಊರಿನ ಡಾಕ್ಟರನ್ನು ಕೇಳಿಯೇ ತನ್ನಿ. ಸಣ್ಣ ತೊಳಸಿಗೆ ಶುಂಠಿ, ಖಾಲಿಯಲ್ಲದ ಹೊಟ್ಟೆ, ಡೆಕ್ಕಿಗೆ ಬಂದು ದಿಗಂತ ನೋಡುವುದು, ಇಷ್ಟೇ ಬಹಳ ಸಲ ಸಾಕಾಗುತ್ತದೆ.

ಬಾಲ್ಕನಿ ಬೇಕೇ? ಚಳಿ ತಡೆಯದವರಿಗೆ ಬೇಕು. ಎಡಗಡೆಯೋ ಬಲಗಡೆಯೋ ಎಂದು ಹೆಚ್ಚು ಹಣ ತೆರಬೇಡಿ, ಹಿಮನದಿಯ ಮುಂದೆ ಹಡಗನ್ನು ನಿಧಾನವಾಗಿ ತಿರುಗಿಸಿ ಎರಡೂ ಕಡೆಯವರಿಗೆ ತೋರಿಸುತ್ತಾರೆ.

ಈಗ ಬಟ್ಟೆ. ಜೂನ್ ಜುಲೈನಲ್ಲಿ ಅಲ್ಲಿನ ಹಗಲು 10ರಿಂದ 18 ಡಿಗ್ರಿ. ಇದು ಕೊಡಗಿನ ಡಿಸೆಂಬರ್ ಬೆಳಗಿಗಿಂತ ಭಾರಿ ಕೆಟ್ಟದ್ದೇನಲ್ಲ. ಕೆಟ್ಟದ್ದು ಗಾಳಿ ಮತ್ತು ಮಳೆ. ಕೆಚಿಕನ್ ಊರಿನಲ್ಲಿ ವರ್ಷಕ್ಕೆ ಸುಮಾರು 3,800 ಮಿ.ಮೀ. ಮಳೆ, ಆಗುಂಬೆಯ ಅರ್ಧದಷ್ಟು. ಮಲೆನಾಡಿನವರಿಗೆ ಇದು ಅರ್ಥವಾಗುತ್ತದೆ: ನೆನೆದ ಸ್ವೆಟರ್ ಬೆಚ್ಚಗಿಡುವುದಿಲ್ಲ, ಭಾರವಾಗುತ್ತದೆ ಅಷ್ಟೆ. ಹತ್ತಿಯ ಥರ್ಮಲ್ ಬೆವರು ಹೀರಿ ಮೈಗಂಟಿಕೊಂಡು ನಿಂತಾಗ ನಡುಗಿಸುತ್ತದೆ. ಅದರ ಬದಲು ಮೂರು ಪದರ ಸಾಕು. ಒಳಗೆ ತೆಳುವಾದ ಮೆರಿನೊ ಉಣ್ಣೆಯ ತುಂಬುತೋಳಿನ ಅಂಗಿ, ನಡುವೆ ಫ್ಲೀಸ್ ಎಂಬ ಹಗುರವಾದ ಮೆತ್ತನೆಯ ಬಟ್ಟೆಯ ಅಂಗಿ, ಹೊರಗೆ ಟೋಪಿ ಹೊಲಿದಿರುವ ಮಳೆತಡೆ ಜಾಕೆಟ್. ಮೆರಿನೊ ಎರಡಿದ್ದರೆ ವಾರ ಕಳೆಯುತ್ತದೆ, ಎರಡು ಮೂರು ದಿನ ಹಾಕಿದರೂ ವಾಸನೆ ಬರುವುದಿಲ್ಲ. ಜಾಕೆಟ್ಟನ್ನು ಫ್ಲೀಸ್ ತೊಟ್ಟುಕೊಂಡೇ ಅಂಗಡಿಯಲ್ಲಿ ಹಾಕಿ ನೋಡಬೇಕು, ಇಲ್ಲವಾದರೆ ಹಡಗಿನಲ್ಲಿ ಜಿಪ್ ಏರುವುದಿಲ್ಲ. ಛತ್ರಿ ಮನೆಯಲ್ಲಿರಲಿ, ಡೆಕ್ಕಿನ ಗಾಳಿ ಅದನ್ನು ತಿರುವಿಹಾಕುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಅಲ್ಲಿ ಆಕಾಶ ಬೂದಿ, ನೀರು ಬೂದಿ, ಮಂಜುಗಡ್ಡೆ ನೀಲಿಬೂದಿ. ಎಲ್ಲರೂ ಕಪ್ಪು ಜಾಕೆಟ್ ಹಾಕಿ ಫೋಟೊದಲ್ಲಿ ಬಂಡೆಯಂತೆ ಕಾಣುತ್ತಾರೆ. ಅರಿಶಿನ, ಕುಂಕುಮ, ಗಾಢ ಗುಲಾಬಿಯ ಜಾಕೆಟ್ ತೆಗೆದುಕೊಳ್ಳಿ. ಪ್ಯಾಂಟು ನೇವಿ ಇಲ್ಲವೇ ಬೂದಿ ಇರಲಿ, ಎಲ್ಲದಕ್ಕೂ ಹೊಂದುತ್ತದೆ. ಹಳೆಯ ಇಳಕಲ್ ಸೀರೆಯ ಸೆರಗನ್ನು ಕತ್ತರಿಸಿ ಅಂಚು ಹೊಲಿಸಿದರೆ ಕುತ್ತಿಗೆಗೆ ಸುತ್ತುವ ಶಾಲು ಸಿದ್ಧ. ಆ ಕೆಂಪು ಹಿಮನದಿಯ ಮುಂದೆ ಉರಿಯುತ್ತದೆ. ಮಂಕಿ ಕ್ಯಾಪಿನ ಕೆಲಸವನ್ನು ಉಣ್ಣೆಯ ಬೀನಿ ಟೋಪಿ ಮತ್ತು ಕುತ್ತಿಗೆಪಟ್ಟಿ ಸೇರಿ ಮಾಡುತ್ತವೆ. ಕಿವಿ ಮುಚ್ಚುತ್ತದೆ, ಮುಖ ಕಾಣುತ್ತದೆ.

ಏಳು ರಾತ್ರಿಯಲ್ಲಿ ಒಂದೆರಡು ಸಂಜೆ ಔಪಚಾರಿಕ ಉಡುಪಿನವು. ಸೀರೆಯ ಮುಂದೆ ಅಲ್ಲಿನ ಗೌನುಗಳು ಯಾವ ಲೆಕ್ಕ! ಆದರೆ ಕಾಂಜೀವರಂ ಒಯ್ಯಬೇಡಿ, ಭಾರ, ಜಾಗವೂ ತಿನ್ನುತ್ತದೆ. ಮೈಸೂರು ಸಿಲ್ಕ್ ಕ್ರೇಪ್ ಈ ಪ್ರವಾಸಕ್ಕೆಂದೇ ನೇಯ್ದ ಹಾಗಿದೆ. ಮಡಚಿದರೆ ಅಂಗೈಯಗಲ, ಹಿಂದಿನ ರಾತ್ರಿ ಹ್ಯಾಂಗರಿಗೆ ಹಾಕಿದರೆ ಸುಕ್ಕು ತಾನೇ ಇಳಿಯುತ್ತದೆ. ಇದು ಮುಖ್ಯ, ಏಕೆಂದರೆ ಬೆಂಕಿಯ ಭಯಕ್ಕೆ ಕ್ಯಾಬಿನ್ನಿಗೆ ಇಸ್ತ್ರಿಪೆಟ್ಟಿಗೆ, ಸ್ಟೀಮರ್, ನೀರು ಕಾಯಿಸುವ ಕಾಯಿಲ್ ಯಾವುದನ್ನೂ ಬಿಡುವುದಿಲ್ಲ. ಸ್ಕ್ಯಾನಿನಲ್ಲಿ ಸಿಕ್ಕರೆ ತೆಗೆದಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಬಾಕ್ಸ್ ಫೋಲ್ಡಿಂಗ್ ಮಾಡಿಸಿದ, ಅಂದರೆ ಮೊದಲೇ ನೆರಿಗೆ ಹಿಡಿದು ಮಡಚಿಟ್ಟ ಸೀರೆ ಮೂರು ನಿಮಿಷದಲ್ಲಿ ಉಟ್ಟಾಗುತ್ತದೆ ನಿಜ, ಆದರೆ ಬೆಂಗಳೂರಿನಲ್ಲಿ ಮಾಡಿಸಿ ಎರಡು ತಿಂಗಳು ಪೆಟ್ಟಿಗೆಯಲ್ಲಿಟ್ಟರೆ ಜರಿಯ ಮೇಲೆ ಗೆರೆ ಕೂತುಬಿಡುತ್ತದೆ. ಹಡಗು ಹತ್ತುವ ಹಿಂದಿನ ದಿನ ಮಗಳ ಮನೆಯಲ್ಲೇ ನೆರಿಗೆ ಹಿಡಿದು ಇಸ್ತ್ರಿ ಮಾಡಿ ಪಿನ್ ಹಾಕಿ. ಸಂಜೆ ಯಾವ ಪಾದರಕ್ಷೆಯೋ ಅದನ್ನು ತೊಟ್ಟೇ ಲಂಗದ ಲಾಡಿ ಕಟ್ಟಬೇಕು, ಅಂಚು ನೆಲದಿಂದ ಒಂದು ಬೆರಳು ಮೇಲಿರಲಿ. ಹಿಮ್ಮಡಿಯ ಚಪ್ಪಲಿಯಲ್ಲಿ ಅಳತೆ ಹಿಡಿದು ಆಮೇಲೆ ಚಪ್ಪಟೆ ಚಪ್ಪಲಿಗೆ ಬದಲಿಸಿದರೆ ತೂಗುವ ಮೆಟ್ಟಿಲಲ್ಲಿ ಅಂಚು ಕಾಲಿಗೆ ಸಿಗುತ್ತದೆ. ಹಿಂದೆ ಪಟ್ಟಿಯಿರುವ, ಒಂದೂವರೆ ಇಂಚಿಗೆ ಮೀರದ ಅಗಲ ಹಿಮ್ಮಡಿ ಸರಿ. ಸೀರೆಯೊಳಗೆ ತುಂಬುತೋಳಿನ ಮೆರಿನೊವನ್ನೇ ರವಿಕೆಯಾಗಿ ತೊಟ್ಟರೆ ಬೆಚ್ಚಗೂ ಇರುತ್ತದೆ, ಕಾಣಲಿಕ್ಕೂ ಹೊಸತು.

ಗಂಡಸರಿಗೆ ಒಂದು ಬಂದ್‌ಗಲಾ ಸಾಕು, ಟೈ ಗಂಟಿನ ಗೋಜಿಲ್ಲ. ರೇಷ್ಮೆ ಪಂಚೆ, ಜುಬ್ಬಾ, ಶಲ್ಯದಲ್ಲಿ ಊಟದ ಹಾಲಿಗೆ ಹೋದರೆ ಯಾರೂ ತಡೆಯುವುದಿಲ್ಲ, ಬದಲಿಗೆ ಫೋಟೊ ಕೇಳುತ್ತಾರೆ. ಅದೇ ಪಂಚೆಯಲ್ಲಿ ಡೆಕ್ಕಿಗೆ ಮಾತ್ರ ಹೋಗಬೇಡಿ, ಕಾರಣ ಹೇಳಬೇಕಿಲ್ಲ.

ನಡೆಯುವ ಶೂ ನೀರು ತಡೆಯುವಂಥದ್ದು, ರಬ್ಬರ್ ಅಟ್ಟೆಯದ್ದು, ದಪ್ಪ ಕಾಲುಚೀಲ ಹಾಕಿ ನೋಡಿ ಅರ್ಧ ಸೈಜ್ ದೊಡ್ಡದು. ಹೊರಡುವ ಮೂರು ವಾರ ಮೊದಲು ಕೊಂಡು ದಿನಾ ವಾಕಿಂಗಿಗೆ ಹಾಕಿ, ಹೊಸ ಶೂ ಕಚ್ಚುವುದು ಮೊದಲ ಬಂದರಿನಲ್ಲೇ. ಗ್ಯಾಂಗ್‌ವೇ ಎಂಬ ಇಳಿಯುವ ಸೇತುವೆಯದೊಂದು ಮೋಸವಿದೆ. ಆ ಕಡೆಯ ಉಬ್ಬರವಿಳಿತ 15ರಿಂದ 20 ಅಡಿಯವರೆಗೂ ಹೋಗುತ್ತದೆ. ಬೆಳಿಗ್ಗೆ ಸಪಾಟಾಗಿ ಇಳಿದ ಸೇತುವೆ ಸಂಜೆ ಕಡಿದಾದ ಏರಾಗಿರಬಹುದು, ಅದೂ ಒದ್ದೆ ಲೋಹದ್ದು. ಮಂಡಿನೋವಿದ್ದವರು ಹಡಗಿನೊಳಗೆ ಮೆಟ್ಟಿಲು ಹತ್ತಿ, ಲಿಫ್ಟಿನಲ್ಲಿ ಇಳಿಯಲಿ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಮಂಡಿಗೆ ಭಾರ ಬೀಳುವುದು ಇಳಿಯುವಾಗಲೇ.

ಕ್ಯಾಬಿನ್ನಿನ ಬಚ್ಚಲಿಗೆ ನಾಲ್ಕೈದು ಇಂಚಿನ ಹೊಸ್ತಿಲಿರುತ್ತದೆ. ರಾತ್ರಿ ಎದ್ದಾಗ ಎಡವುವುದು ಅಲ್ಲೇ, ಬ್ಯಾಟರಿಯ ಪುಟ್ಟ ದೀಪವೊಂದನ್ನು ಪಕ್ಕದಲ್ಲಿಡಿ. ಗೋಡೆಗಳು ಉಕ್ಕಿನವು; ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಒದ್ದೆ ಜಾಕೆಟ್, ಊರುಗೋಲು, ಕೈಚೀಲ ಎಲ್ಲಕ್ಕೂ ನೆಲೆಯಾಗುತ್ತದೆ. ಶೌಚಾಲಯದಲ್ಲಿ ಜೆಟ್ ಪೈಪ್ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಚೊಂಬೋ ಹಿಂಡುವ ಬಾಟಲಿಯೋ ಪೆಟ್ಟಿಗೆಯಲ್ಲಿರಲಿ. ನೀರನ್ನು ನೆಲಕ್ಕೆ ಚೆಲ್ಲುವ ವ್ಯವಸ್ಥೆ ಅಲ್ಲಿಲ್ಲ, ಕೂತಲ್ಲೇ ಬಳಸಬೇಕು. ಗಾಳಿ ಸೆಳೆತದ ಶೌಚ ಅದು, ಒದ್ದೆ ಟಿಶ್ಯೂ ಹಾಕಿದರೆ ಕಟ್ಟಿಕೊಳ್ಳುತ್ತದೆ, ನಿಮ್ಮ ಜೊತೆ ಅಕ್ಕಪಕ್ಕದವರೂ ಪೇಚಾಡಬೇಕು.

ಊಟಕ್ಕೆ ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ‘ಭಾರತೀಯ ಸಸ್ಯಾಹಾರ’ ಎಂದು ಬರೆಸಬೇಕು. ಬರೀ ‘ವೆಜಿಟೇರಿಯನ್’ ಅಂದರೆ ಮೀನು ತಿನ್ನುತ್ತೀರೆಂದು ತಿಳಿಯುವವರೂ ಉಂಟು. ತರಕಾರಿ ಸೂಪಿಗೆ ಕೋಳಿಯ ಸಾರು ಹಾಕಿದ್ದಾರೆಯೇ ಎಂದು ಕೇಳಿಯೇ ಕುಡಿಯಿರಿ. ಮೊದಲ ರಾತ್ರಿ ಊಟದ ಹಾಲಿನ ಮುಖ್ಯಸ್ಥರನ್ನು ಕಂಡು ಮರುದಿನ ಏನು ಬೇಕೆಂದು ಹೇಳಿದರೆ ದಾಲ್, ಪಲ್ಯ, ಚಪಾತಿ ಬರುತ್ತವೆ. ಹಡಗಿನ ಅಡುಗೆಮನೆಗಳಲ್ಲಿ ಗೋವಾ, ಮಂಗಳೂರು ಕಡೆಯ ಹುಡುಗರು ಇರುವುದು ಹೊಸತಲ್ಲ. ಮನೆಯಲ್ಲಿ ಮಾಡಿದ ತಿಂಡಿಗೆ ಪ್ರವೇಶವಿಲ್ಲ, ಮೊಹರು ಮಾಡಿದ ಚಟ್ನಿಪುಡಿ ಪ್ಯಾಕೆಟ್ ಸಾಮಾನ್ಯವಾಗಿ ನಡೆಯುತ್ತದೆ. ಬಫೆಗೆ ಮುಂಚೆ ಕೈಯನ್ನು ಸೋಪು ಹಾಕಿ 20 ಸೆಕೆಂಡ್ ತೊಳೆಯಿರಿ. ಹಡಗುಗಳಲ್ಲಿ ಹರಡುವ, ವಾಂತಿಭೇದಿ ತರುವ ನೊರೊವೈರಸ್ ಸ್ಯಾನಿಟೈಜರಿಗೆ ಸರಿಯಾಗಿ ಬಗ್ಗುವುದಿಲ್ಲ.

ಇನ್ಸುಲಿನ್ ಬಳಸುವವರು ಕ್ಯಾಬಿನ್ನಿನ ಮಿನಿಬಾರನ್ನು ನಂಬಬೇಡಿ, ಅದು ಸಾಕಷ್ಟು ತಣ್ಣಗಿರುವುದಿಲ್ಲ; ಔಷಧಕ್ಕೆಂದೇ ಚಿಕ್ಕ ಫ್ರಿಜ್ ಕೇಳಿದರೆ ಕೊಡುತ್ತಾರೆ. ಮಕ್ಕಳು ನಿಮಗಾಗಿ ಮಾಡಿಸಿದ ವಿಸಿಟರ್ ಇನ್ಶೂರೆನ್ಸ್ ಸಮುದ್ರದ ಮೇಲೆ ಅನ್ವಯಿಸುತ್ತದೆಯೇ, ಹೆಲಿಕಾಪ್ಟರಿನಲ್ಲಿ ದಡಕ್ಕೆ ಸಾಗಿಸುವ ಖರ್ಚು ಸೇರಿದೆಯೇ ಎಂದು ಓದಿ ನೋಡಿ. ಹಡಗಿನ ಡಾಕ್ಟರ ಬಿಲ್ ನೇರ ನಿಮ್ಮ ಕ್ಯಾಬಿನ್ ಖಾತೆಗೆ ಬೀಳುತ್ತದೆ. ಟಿಪ್ಸ್ ಕೂಡ ಹಾಗೆಯೇ, ತಲೆಗೆ ದಿನಕ್ಕೆ ಇಷ್ಟೆಂದು.

ಬಂದರುಗಳಲ್ಲಿ ನಡೆಯುವವರಿಗೆ ಜೂನೊ ಒಳ್ಳೆಯದು. ಊರಿಂದ 12 ಮೈಲಿಯ ಮೆಂಡನ್‌ಹಾಲ್ ಹಿಮನದಿಯ ಬಳಿ ನಗ್ಗೆಟ್ ಜಲಪಾತಕ್ಕೆ ಹೋಗಿಬರಲು ಎರಡು ಮೈಲಿ, ದಾರಿ ಹೆಚ್ಚುಕಡಿಮೆ ಸಮತಟ್ಟು. ಸ್ಕಾಗ್ವೆಯಲ್ಲಿ 1898ರಿಂದ 1900ರವರೆಗೆ ಕಟ್ಟಿದ ಪುಟ್ಟ ರೈಲು 20 ಮೈಲಿಯಲ್ಲಿ 2,865 ಅಡಿ ಏರುತ್ತದೆ. ಹಳಿಯ ಅಗಲ ಮೂರೇ ಅಡಿ, ನಮ್ಮ ಹಳೆಯ ಮೀಟರ್‌ಗೇಜಿಗಿಂತಲೂ ಕಿರಿದು. ಹತ್ತುವಾಗ ಎಡಗಡೆ ಕೂರಿ. ಕೆಚಿಕನ್‌ನ ಕ್ರೀಕ್ ಸ್ಟ್ರೀಟ್ ಕಂಬಗಳ ಮೇಲಿನ ಮರದ ಹಲಗೆ ದಾರಿ, ಮಳೆಯಲ್ಲಿ ಪಾಚಿಗಲ್ಲಿನಂತೆ ಜಾರುತ್ತದೆ. ಅಲಾಸ್ಕದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನು ತಾನೇ ಬದಲಾಗುತ್ತದೆ, ಹಡಗು ಬದಲಾಗದೆಯೂ ಇರಬಹುದು. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟು ಅದನ್ನೇ ನಂಬಿ. ಹಡಗಿನವರ ಟೂರ್ ತಡವಾದರೆ ಕಾಯುತ್ತಾರೆ, ನೀವೇ ಹಿಡಿದ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ.

ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿ ಇರುವ ಮಾರ್ಗ ಸಿಕ್ಕರೆ ಬಿಡಬೇಡಿ. ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಅಲ್ಲಿ ಅನುಮತಿ. 1750ರ ಸುಮಾರಿಗೆ ಕೊಲ್ಲಿಯ ಬಾಯಿಯವರೆಗೂ ತುಂಬಿದ್ದ ಮಂಜು ಇಂದು 65 ಮೈಲಿ ಹಿಂದೆ ಸರಿದಿದೆ, ಆ ಉದ್ದವನ್ನು ಹಡಗು ಬೆಳಗಿನಿಂದ ಕ್ರಮಿಸುತ್ತದೆ. ಅಂದು ಇಳಿಯುವುದಿಲ್ಲ, ಗಂಟೆಗಟ್ಟಲೆ ಹೊರಗೆ ನಿಲ್ಲುವುದೇ ಕೆಲಸ, ಮೂರೂ ಪದರ ಅಂದೇ ಬೇಕು. ದುರ್ಬೀನು 8x42, ಅಂದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು ಇರಲಿ. 10 ಪಟ್ಟಿನದು ಹಡಗಿನ ಅಲುಗಾಟವನ್ನೂ ಕೈನಡುಕವನ್ನೂ ಹಿಗ್ಗಿಸಿ ತೋರಿಸುತ್ತದೆ. ಮಂಜಿನ ಗೋಡೆ ಕಳಚಿ ಬೀಳುವುದು ಮೊದಲು ಕಾಣುತ್ತದೆ, ಗುಡುಗು ಆಮೇಲೆ ಕೇಳುತ್ತದೆ. ಸದ್ದು ಕೇಳಿ ತಿರುಗಿದರೆ ತಡವಾಯಿತು, ಹಾಗಾಗಿ ಬಿರುಕಿನ ಕಡೆಗೇ ಕಣ್ಣಿಟ್ಟು ನಿಲ್ಲಬೇಕು.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಹತ್ತು ಹನ್ನೊಂದರೊಳಗೆ ಬಾಗಿಲ ಹೊರಗಿಡಬೇಕು, ಅವು ಮತ್ತೆ ಸಿಗುವುದು ಬೆಳಿಗ್ಗೆ ದಡದಲ್ಲಿ. ಅಚ್ಚುಕಟ್ಟಿನ ಜನ ಎಲ್ಲವನ್ನೂ ತುಂಬಿ ಹೊರಗಿಟ್ಟು, ಬೆಳಿಗ್ಗೆ ನೈಟಿಯಲ್ಲೋ ಪೈಜಾಮದಲ್ಲೋ ಇಳಿಯುವುದು ಪ್ರತಿ ವಾರದ ದೃಶ್ಯ. ಮರುದಿನದ ಪೂರ್ತಿ ಉಡುಪು, ಶೂ ಸಮೇತ, ಪೆಟ್ಟಿಗೆ ಮುಚ್ಚುವ ಮುಂಚೆಯೇ ಆ ಅಯಸ್ಕಾಂತದ ಕೊಕ್ಕೆಗೆ ತೂಗುಹಾಕಿ. ಕೊಕ್ಕೆಗಳನ್ನು ಗೋಡೆಯಲ್ಲೇ ಬಿಟ್ಟುಬರಬೇಡಿ.