ನಿಂದು ಮತ್ತೆ ಚಿಗುರತ್ತಾ, ಅಮ್ಮಾ?

ಕಳೆದ ವಾರ ಅಡುಗೆಮನೆಯ ಕಿಟಕಿ ಹತ್ತಿರ ನಿಂತು ಮಗಳು ಒಂದು ಮಾತು ಕೇಳಿದಳು. ಅದು ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ನಾವಿರುವುದು ಸ್ವೀಡನ್ನಿನ ಉಪ್ಸಾಲದಲ್ಲಿ. ಕಿಟಕಿ ಕಟ್ಟೆಯ ಮೇಲೆ ಮೊಸರಿನ ಡಬ್ಬಿಯಲ್ಲಿ ಅವಳ ಮೆಂತ್ಯದ ತೋಟ ಇದೆ. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಆಗ ಹಾಕಿದ ಬೀಜ ದಾರದ ಹಾಗೆ ಉದ್ದಕ್ಕೆ ಬೆಳೆದು ಮಲಗಿಬಿಟ್ಟಿತ್ತು. ಈಗ ಮಾರ್ಚ್. ಎಲೆಗಳು ದಪ್ಪಗಾಗಿವೆ. ಎಲ್ಲವೂ ಗಾಜಿನ ಕಡೆಗೇ ಮುಖ ಮಾಡಿವೆ. ಡಬ್ಬಿ ತಿರುಗಿಸಿಟ್ಟರೆ ಮರುದಿನ ಮತ್ತೆ ಗಾಜಿನ ಕಡೆಗೇ.

ಆ ದಿನ ನಾನು ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬಂದಿದ್ದೆ. ಲ್ಯಾಬಿನಲ್ಲಿ ಮೂರು ತಿಂಗಳು ಕೂತು ಕಟ್ಟಿದ ಅಣು ಒಂದೇ ಮಧ್ಯಾಹ್ನದಲ್ಲಿ ಹಾಳಾಗಿತ್ತು. "ಎಲೆ ಮಾಡೋ ಕೆಲಸ ಮಾಡ್ತಿತ್ತು ಪುಟ್ಟಿ, ಆಮೇಲೆ ಸತ್ತುಹೋಯ್ತು" ಅಂದೆ. ಅವಳು ಡಬ್ಬಿ ತೋರಿಸಿ ಕೇಳಿದಳು, "ನನ್ನ ಮೆಂತ್ಯ ಕತ್ತರಿಸಿದ್ರೂ ಬರುತ್ತೆ. ನಿಂದು ಮತ್ತೆ ಚಿಗುರತ್ತಾ, ಅಮ್ಮಾ?"

ಊರಿಗೆ ಫೋನ್ ಮಾಡಿದಾಗಲೆಲ್ಲ "ಏನು ಕೆಲಸ ನಿಂದು ಅಲ್ಲಿ" ಅಂತ ಕೇಳುತ್ತಾರೆ. ಎಲೆಯ ಕೆಲಸವನ್ನು ಎಲೆ ಇಲ್ಲದೆ ಮಾಡುವ ಅಣು ಕಟ್ಟುವುದು. ಬೆಳಕು ಹಿಡಿದು ನೀರನ್ನು ಒಡೆಯಬೇಕು, ಇಂಧನ ಸಿಗಬೇಕು. ಸ್ವೀಡನ್ನಿನಲ್ಲಿ ಇದಕ್ಕಾಗಿಯೇ 1994ರಲ್ಲಿ ವಿಜ್ಞಾನಿಗಳು ಒಂದು ಕೂಟ ಕಟ್ಟಿಕೊಂಡರು.

ಕಷ್ಟ ಇರುವುದು ಎಲ್ಲಿ ಅಂದರೆ ಲೆಕ್ಕದಲ್ಲಿ. ನೀರಿನ ಎರಡು ಅಣುಗಳಿಂದ ನಾಲ್ಕು ಎಲೆಕ್ಟ್ರಾನ್ ಕಿತ್ತರೆ ಒಂದು ಆಮ್ಲಜನಕದ ಅಣು ಹುಟ್ಟುತ್ತದೆ. ಆದರೆ ಬೆಳಕು ಒಂದು ಏಟಿಗೆ ಕದಲಿಸುವುದು ಒಂದೇ ಎಲೆಕ್ಟ್ರಾನನ್ನು. ಹಾಗಾಗಿ ನಾಲ್ಕು ಆಗುವ ತನಕ ಯಾರಾದರೂ ಲೆಕ್ಕ ಇಟ್ಟುಕೊಂಡು ಕಾಯಬೇಕು, ಬಿಡಿ ಕಾಸು ಕೂಡಿಡುವ ಅಜ್ಜಿಯ ಹಾಗೆ. ಎಲೆಯೊಳಗೆ ಆ ಅಜ್ಜಿ ಒಂದು ಪುಟ್ಟ ಗಂಟು: ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಅವನ್ನು ಹಿಡಿದಿರುವ ಐದು ಆಮ್ಲಜನಕದ ಪರಮಾಣು. ಜಪಾನಿನವರು 2011ರಲ್ಲಿ ಅದರ ರೂಪವನ್ನು ಸ್ಪಷ್ಟವಾಗಿ ತೋರಿಸಿದಾಗ ನಾನು ಎಂಎಸ್ಸಿ ಓದುತ್ತಿದ್ದೆ. ಆ ಚಿತ್ರ ಪ್ರಿಂಟ್ ತೆಗೆದು ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೆ.

ನಾವು ಬಳಸುವುದು ರುಥೇನಿಯಂ. ದುಬಾರಿ ಲೋಹ. ಆದರೆ ಚಂದ. ಬಾಟಲಿಯಲ್ಲಿ ಕರಗಿಸಿದರೆ ಕಿತ್ತಳೆ ಬಣ್ಣ. ನೀಲಿ ದೀಪ ಹಾಕಿದರೆ ಗಾಜಿನ ಗೋಡೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕೂರುತ್ತವೆ. ಅದು ಆಮ್ಲಜನಕ, ನೀರಿನಿಂದ ಬಂದದ್ದು. ಮೊದಲ ಸಲ ನೋಡಿದಾಗ ಕಣ್ಣಲ್ಲಿ ನೀರು ಬಂತು. ಆಮೇಲೆ ನಿಧಾನಕ್ಕೆ ಕಿತ್ತಳೆ ಮಾಸಿ ಕಂದು ಬಣ್ಣವಾಗುತ್ತದೆ. ಗುಳ್ಳೆ ನಿಲ್ಲುತ್ತದೆ. ಯಾವ ಬೆಳಕು ಕೆಲಸ ಮಾಡಿಸುತ್ತದೋ ಅದೇ ಬೆಳಕು ಅಣುವಿನ ತೋಳನ್ನೂ ಕಳಚಿ ಹಾಕುತ್ತದೆ.

ವೇಗದಲ್ಲಿ ಮನುಷ್ಯರು ಎಲೆಯ ಹತ್ತಿರ ಹೋಗಿಯಾಗಿದೆ. 2012ರಲ್ಲಿ ಸ್ಟಾಕ್‌ಹೋಮಿನ ಲಿಚೆಂಗ್ ಸುನ್ ಅವರ ತಂಡ ಮಾಡಿದ ರುಥೇನಿಯಂ ಅಣು ನೀರಿನಿಂದ ಆಮ್ಲಜನಕ ಬಿಡಿಸುವ ಕೆಲಸವನ್ನು ಸೆಕೆಂಡಿಗೆ 300ಕ್ಕೂ ಹೆಚ್ಚು ಸಲ ಮಾಡಿತು. 2025ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಬೆಳಕಿನ ಎರಡು ಏಟಿಗೆ ಎರಡು ಧನ, ಎರಡು ಋಣ ಚಾರ್ಜ್‌ಗಳನ್ನು ಕೂಡಿಡುವ ಅಣು ಬಂತು. ಹೊಟ್ಟೆ ತುಂಬುವ ಸುದ್ದಿಗಳೇ.

ಆದರೆ ಮಗಳು ವೇಗ ಕೇಳಲಿಲ್ಲವಲ್ಲ. ನಿಜ ಹೇಳಬೇಕೆಂದರೆ ಎಲೆಯ ಯಂತ್ರವೂ ಬಿಸಿಲಿಗೆ ಸುಡುತ್ತದೆ. ಆ ಗಂಟನ್ನು ಹಿಡಿದಿರುವ ಡಿ1 ಅನ್ನೋ ಪ್ರೋಟೀನ್ ಜಾಸ್ತಿ ಬಿಸಿಲಿದ್ದರೆ ಸುಮಾರು ಅರ್ಧ ಗಂಟೆಗೊಮ್ಮೆ ಹಾಳಾಗುತ್ತದೆ. ಎಲೆ ಹಳೆಯದನ್ನು ಬಿಚ್ಚಿ, ಹೊಸದನ್ನು ಮಾಡಿ, ಅದೇ ಜಾಗಕ್ಕೆ ಕೂರಿಸುತ್ತದೆ. ದಿನವಿಡೀ ಇದೇ ರಿಪೇರಿ. ನನ್ನ ಬಾಟಲಿಯಲ್ಲಿ ಆ ರಿಪೇರಿ ಮಾಡುವವರು ಯಾರೂ ಇಲ್ಲ.

ನಾನು ಪಾವಗಡದ ಕಡೆಯವಳು. ಒಂದು ವರ್ಷ ನಮ್ಮ ಕಡಲೆಕಾಯಿ ಹೊಲಕ್ಕೆ ಕಂಬಳಿಹುಳ ಬಿದ್ದು ಬರೀ ಕಡ್ಡಿ ಉಳಿದಿತ್ತು. ಅಮ್ಮ ಬದುವಿನ ಮೇಲೆ ಕೂತು ಅತ್ತಳು. ಅಪ್ಪ ಒಂದು ಗಿಡದ ಬುಡ ಕೆದಕಿ ನೋಡಿ, "ಬೇರು ಐತೆ, ಬಿಡು" ಅಂದರು. ಹದಿನೈದು ದಿನಕ್ಕೆ ಒಂದು ಹದ ಮಳೆ ಬಂತು. ಕಡ್ಡಿಯ ಗೆಣ್ಣು ಗೆಣ್ಣಲ್ಲಿ ಎಳೆ ಹಸಿರು. ಆ ಸಲ ಅರ್ಧ ಬೆಳೆಯಾದರೂ ಕೈಗೆ ಬಂತು.

ಅದೇ ವರ್ಷ ಶಾಲೆಯಲ್ಲಿ ದ್ಯುತಿಸಂಶ್ಲೇಷಣೆ ಪಾಠ. ಬೋರ್ಡಿನ ಮೇಲೆ ಒಂದು ಸಮೀಕರಣ, ಎರಡು ಅಂಕದ ಪ್ರಶ್ನೆ. ಬಾಯಿಪಾಠ ಮಾಡಿ ಎರಡೂ ಅಂಕ ತಗೊಂಡೆ. ಕಿಟಕಿಯ ಆಚೆ ಹೊಂಗೆ ಮರ ಇತ್ತು. ಒಬ್ಬರೂ ನಮ್ಮನ್ನು ಅದರ ಕೆಳಗೆ ಕರೆದುಕೊಂಡು ಹೋಗಲಿಲ್ಲ. ಹೊಲದಲ್ಲಿ ಅಪ್ಪ ತೋರಿಸಿದ್ದು, ಬೋರ್ಡಿನ ಮೇಲಿದ್ದದ್ದು ಒಂದೇ ಅಂತ ನನಗೆ ಹೇಳಿದವರೂ ಇಲ್ಲ. ಇಲ್ಲಿ ಬಿಸಿಲಿಲ್ಲದ ಊರಿನಲ್ಲಿ ಪ್ರತಿ ಮಗುವಿನ ಕೈಗೂ ಒಂದು ಕುಂಡ ಕೊಡುತ್ತಾರೆ. ಇದನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಬಿಸಿಲಿಗೇನು, ನಮ್ಮಲ್ಲಿ ಬರವಿಲ್ಲ. 1912ರಲ್ಲಿ ಇಟಲಿಯ ರಸಾಯನ ವಿಜ್ಞಾನಿ ಜಾಕೊಮೊ ಚಾಮಿಚಾನ್ ನ್ಯೂಯಾರ್ಕಿನಲ್ಲಿ ಮಾತಾಡುತ್ತಾ, ಒಣ ನೆಲದ ಮೇಲೆ ಹೊಗೆಯಿಲ್ಲದ ಕಾರ್ಖಾನೆಗಳು, ಗಾಜಿನ ಕೊಳವೆಗಳ ಕಾಡು ಬರುವ ಕನಸು ಹೇಳಿದರು. ಓದಿದಾಗ ನನ್ನ ಕಣ್ಮುಂದೆ ಬಂದದ್ದು ಪಾವಗಡದ ಬಯಲೇ. ಈಗ ಅಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, ರೈತರೇ ಲೀಸಿಗೆ ಕೊಟ್ಟ ನೆಲದಲ್ಲಿ. 2,050 ಮೆಗಾವಾಟ್. ನನಗೆ ಹೆಮ್ಮೆ. ಆದರೆ ಹೊತ್ತು ಮುಳುಗಿದರೆ ಹಲಗೆಗಳು ಸುಮ್ಮನಾಗುತ್ತವೆ. ಕಡಲೆಕಾಯಿ ಗಿಡ ಹಗಲಿನ ಬಿಸಿಲನ್ನು ಎಣ್ಣೆ ಮಾಡಿ ಮಣ್ಣಿನೊಳಗೆ ಬಚ್ಚಿಡುತ್ತದೆ, ನಮಗೆ ಬೇಕಾದ ತಿಂಗಳಿಗೆ ಇರಲಿ ಅಂತ. ನನಗೆ ಬೇಕಿರುವ ಅಣು ಅಂಥದ್ದು.

ಭಾನುವಾರ ಅಪ್ಪನಿಗೆ ಫೋನ್ ಮಾಡಿ ಮಗಳ ಪ್ರಶ್ನೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸರಿಯಾಗೇ ಕೇಳವಳೆ" ಅಂದರು.

ಅವತ್ತು ರಾತ್ರಿ ಮೆಂತ್ಯ ಕೊಯ್ದು ತೊವ್ವೆಗೆ ಹಾಕಿದೆವು. ಕತ್ತರಿ ನನ್ನ ಕೈಯಲ್ಲಿತ್ತು. ಅವಳು ತನ್ನ ಎರಡು ಬೆರಳನ್ನು ಕಾಂಡದ ಬುಡಕ್ಕೆ ಅಡ್ಡ ಹಿಡಿದು, "ಇಷ್ಟು ಬಿಟ್ಟು ಕತ್ತರಿಸಮ್ಮ" ಅಂದಳು.